ಬಿಳಿ ಎತ್ತು, ಕರಿ ಎಮ್ಮೆ, ನಡುವೆ ನೂರು ಬೂದು

ಮದುವೆ ಫೋಟೊ ತೆಗೆಯುವವರಿಗೆ ಆಷಾಢ ಅಂದರೆ ಪೂರ್ತಿ ರಜೆ. ಮುಹೂರ್ತವಿಲ್ಲ, ಕರೆಯುವವರೂ ಇಲ್ಲ. ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ನಮ್ಮ ಊರಲ್ಲಿ ಆ ಹೊತ್ತಿಗೆ ಕಣ್ಣಿಗೆ ಬೀಳುವುದು ಮೋಡ, ಗಾಳಿ, ದನಕರು. ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಸರ್ಕಾರಿ ಕಾಗದ ಮರಾಠಿಯಲ್ಲಿ ಬರುತ್ತದೆ. ದನ ಕರೆಯುವುದು, ಬೈಯುವುದು, ಮುದ್ದು ಮಾಡುವುದು ಮಾತ್ರ ಕನ್ನಡದಲ್ಲೇ.

ವರ್ಷವಿಡೀ ಕೆಂಪು ಸೀರೆ, ಹಳದಿ ಹೂವು, ಮಂಟಪದ ನೀಲಿ ಲೈಟು ನೋಡಿ ಕಣ್ಣು ದಣಿದಿರುತ್ತದೆ. ಈ ರಜೆಯಲ್ಲಿ ಬಣ್ಣದ ಸಹವಾಸವೇ ಬೇಡ, ಊರಿನ ದನ, ಎಮ್ಮೆ, ಕುರಿಗಳನ್ನು ಬರೀ ಕಪ್ಪು ಬಿಳುಪಿನಲ್ಲಿ ತೆಗೆಯೋಣ ಅಂದುಕೊಂಡೆ. ನಮ್ಮ ಭಾಗಕ್ಕೆ ಹೇಳಿ ಮಾಡಿಸಿದ ಕೆಲಸ ಅಲ್ವಾ? ಕಿಲಾರಿ ಎತ್ತು ಬಿಳಿ. ಪಂಢರಪುರಿ ಎಮ್ಮೆ ಕಪ್ಪು. ಇಲ್ಲೇ ಪಕ್ಕದ ಮಾಡಗ್ಯಾಳದ ಹೆಸರು ಹೊತ್ತ ಕುರಿಗೆ ಬಿಳಿ ಮೈಮೇಲೆ ಕಂದು ಮಚ್ಚೆ. ಉಸ್ಮಾನಾಬಾದಿ ಆಡುಗಳಲ್ಲಿ ಬಹುಪಾಲು ಕಪ್ಪು. ದೇವರೇ ಬಣ್ಣ ತೆಗೆದು ಕಳಿಸಿದಂತೆ ಇದ್ದಾವೆ, ಇನ್ನೇನು ಕಷ್ಟ ಅನ್ನಿಸಿತ್ತು.

ಕಷ್ಟ ಇರುವುದು ದನದಲ್ಲಲ್ಲ, ಅದರ ಹಿಂದೆ ಇರುವುದರಲ್ಲಿ. ಬಣ್ಣದ ಫೋಟೊದಲ್ಲಿ ಹಸಿರು ಬದುವಿನ ಮೇಲೆ ಕಂದು ಕುರಿ ನಿಂತರೆ ಯಾರಿಗಾದರೂ ಕಾಣುತ್ತದೆ. ಬಣ್ಣ ತೆಗೆಯಿರಿ. ಹಸಿರೂ ಒಂದು ನಡುಮಟ್ಟದ ಬೂದು, ಕಂದೂ ಹೆಚ್ಚುಕಡಿಮೆ ಅದೇ ಬೂದು. ಕುರಿ ಬದುವಿನೊಳಗೆ ಕರಗಿಹೋಗುತ್ತದೆ. ಇಷ್ಟು ದಿನ ಕುರಿಯನ್ನೂ ಹುಲ್ಲನ್ನೂ ಬೇರೆ ಮಾಡಿ ತೋರಿಸುತ್ತಿದ್ದದ್ದು ಬಣ್ಣ. ಈಗ ಆ ಕೆಲಸ ನಮ್ಮ ತಲೆಮೇಲೆ. ಎಲ್ಲಿ ನಿಲ್ಲಬೇಕು, ಯಾವ ಹೊತ್ತಿಗೆ ನಿಲ್ಲಬೇಕು ಅನ್ನುವುದರಲ್ಲೇ ಅದು ಮುಗಿಯಬೇಕು.

ಕ್ಯಾಮೆರಾದಲ್ಲಿ ಮಾಡಿಕೊಂಡ ಬದಲಾವಣೆ ಚಿಕ್ಕದು. ರಾ ಫೈಲಿನ (ಕ್ಯಾಮೆರಾ ಹಿಡಿದದ್ದನ್ನು ತಿದ್ದದೆ ಹಾಗೇ ಇಡುವ ಫೈಲು) ಜೊತೆ ಮೊನೊಕ್ರೋಮ್, ಅಂದರೆ ಕಪ್ಪು ಬಿಳುಪಿನ ಜೆಪೆಗ್ ಇಟ್ಟುಕೊಂಡೆ. ನನ್ನದು ಮಿರರ್‌ಲೆಸ್. ಅಂದರೆ ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ, ಕಣ್ಣಿಟ್ಟು ನೋಡುವ ವ್ಯೂಫೈಂಡರಿನಲ್ಲಿರುವುದು ಪುಟ್ಟ ಪರದೆ. ಹಾಗಾಗಿ ಅಲ್ಲೇ ಎಲ್ಲ ಬೂದಾಗಿ ಕಾಣುತ್ತದೆ. ರಾ ಫೈಲಿನಲ್ಲಿ ಬಣ್ಣದ ಮಾಹಿತಿ ಹಾಗೇ ಉಳಿದಿರುತ್ತದೆ. ಅದು ಆಮೇಲೆ ಬಹಳ ಕೆಲಸಕ್ಕೆ ಬರುತ್ತದೆ. ಇಷ್ಟೇ ಮಾಡಿಕೊಂಡರೂ ಕಣ್ಣು ಬೇಗ ಪಳಗುತ್ತದೆ. ಕೆಂಪು ರುಮಾಲು, ಬಣ್ಣ ಬಳಿದ ಕೊಂಬು, ನೀಲಿ ಪ್ಲಾಸ್ಟಿಕ್ ಕೊಡ, ಯಾವುದೂ ಕಣ್ಣನ್ನು ಎಳೆಯುವುದಿಲ್ಲ. ಬೆಳಕು ಮತ್ತು ಆಕಾರ ಎರಡೇ ಉಳಿಯುತ್ತವೆ.

ಮೊದಲು ಹಿಡಿದದ್ದು ಓಣಿಯ ಕಾಕಾನ ಕಿಲಾರಿ ಜೋಡಿಯನ್ನು. ನೋಡುವವರಿಗೆ ಕಿಲಾರಿ ಪೂರ್ತಿ ಬಿಳಿ. ಹತ್ತಿರ ಹೋದರೆ ಹಾಗಿಲ್ಲ. ಹೋರಿಗೆ ಮುಂಭಾಗ, ಹಿಂಭಾಗ ಎರಡೂ ಕಡೆ ಬೂದು ಹೆಚ್ಚು. ಮುಖದ ಮೇಲೆ ಬೂದು ಬಿಳುಪಿನ ಚುಕ್ಕೆ ಚುಕ್ಕೆ. ಕಣ್ಣ ಸುತ್ತ, ಮೂಗಿನ ಮೇಲೆ ಕಪ್ಪು. ಕೊಂಬು ಹಿಂದಕ್ಕೆ ಬಾಗಿ ಆಮೇಲೆ ಮೇಲಕ್ಕೆ ಏರಿ ಚೂಪಾಗುತ್ತದೆ. ಬಣ್ಣದಲ್ಲಿ ತೆಗೆದಾಗ ಇದೆಲ್ಲ ಗಮನಕ್ಕೇ ಬರುವುದಿಲ್ಲ. ಹಣೆಯ ಮೇಲಿನ ಕೆಂಪು ಗೊಂಡೆಯೇ ಎಲ್ಲ ನುಂಗಿಬಿಡುತ್ತದೆ.

ಬಿಳಿ ದನಕ್ಕೆ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಯಾವಾಗಲೂ ಮೋಸ ಮಾಡುತ್ತದೆ. ಅದರ ಲೆಕ್ಕದಲ್ಲಿ ಲೋಕವೆಲ್ಲ ಶೇಕಡಾ 18ರ ಬೂದು. ಚೌಕಟ್ಟಿನ ತುಂಬ ಬಿಳಿ ಎತ್ತು ಇದ್ದರೆ ಅದನ್ನೂ ಬೂದು ಮಾಡಿ ಕೊಡುತ್ತದೆ. ಹಾಗಾಗಿ ಎಕ್ಸ್‌ಪೋಶರ್ ಒಂದು ಸ್ಟಾಪ್ ಏರಿಸಬೇಕು, ಅಂದರೆ ಎರಡು ಪಟ್ಟು ಬೆಳಕು ಬಿಡಬೇಕು, ಕೆಲವು ಸಲ ಒಂದೂವರೆ ಸ್ಟಾಪ್. ಜಾಸ್ತಿ ಏರಿಸಿದರೆ ಬೆನ್ನ ಮೇಲೆ ಬಿಸಿಲು ಬಿದ್ದ ಕಡೆ ಬರೀ ಖಾಲಿ ಬಿಳಿ. ಒಂದು ಕೂದಲೂ ಕಾಣುವುದಿಲ್ಲ, ಆಮೇಲೆ ಏನು ಮಾಡಿದರೂ ವಾಪಸ್ ಬರುವುದಿಲ್ಲ. ಹಿಸ್ಟೋಗ್ರಾಮ್ (ಕಪ್ಪಿನಿಂದ ಬಿಳಿಯವರೆಗೆ ಬೆಳಕು ಎಷ್ಟೆಷ್ಟಿದೆ ಅಂತ ತೋರಿಸುವ ನಕ್ಷೆ) ಬಲಗಡೆ ಗೋಡೆಗೆ ತಾಗದಂತೆ ನೋಡಿಕೊಳ್ಳುವುದೇ ಕೆಲಸ. ಎಮ್ಮೆಗೆ ಇದೆಲ್ಲ ತಿರುವುಮುರುವು. ಅಲ್ಲಿ ಒಂದು ಸ್ಟಾಪ್ ಇಳಿಸಬೇಕು. ಇಲ್ಲದಿದ್ದರೆ ಕರಿ ಎಮ್ಮೆ ಸಗಣಿ ಒಣಗಿದ ಬಣ್ಣಕ್ಕೆ ತಿರುಗುತ್ತದೆ.

ಅಮೆರಿಕದ ಫೋಟೊಗ್ರಾಫರುಗಳಾದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ ಇದಕ್ಕೇ ಒಂದು ಪದ್ಧತಿ ಮಾಡಿಟ್ಟಿದ್ದಾರೆ. ಗಾಢ ಕಪ್ಪಿನಿಂದ ಶುದ್ಧ ಬಿಳಿಯವರೆಗೆ 0ಯಿಂದ 10ರ ತನಕ ಮೆಟ್ಟಿಲು. ನಡುವಿನ 5ನೆಯದು ಮೀಟರಿನ ಬೂದು. ಎತ್ತಿನ ಮೈ 7ರ ಹತ್ತಿರ ಕೂತರೆ ಬಿಳಿಯೂ ಆಯಿತು, ಕೂದಲೂ ಕಂಡಿತು. ಎಮ್ಮೆಯನ್ನು 3ಕ್ಕೆ ಕೂರಿಸಿದರೆ ಕಪ್ಪೂ ಆಯಿತು, ಚರ್ಮದ ಸುಕ್ಕೂ ಉಳಿಯಿತು. ಆಡಮ್ಸ್ ಅದನ್ನು ಬೆಟ್ಟಗುಡ್ಡಗಳಿಗೆ ಬಳಸಿದರು. ಕೊಟ್ಟಿಗೆಗೂ ಅದು ಅಷ್ಟೇ ಚೆನ್ನಾಗಿ ಹೊಂದುತ್ತದೆ.

ಎತ್ತಿನ ಹಿಂದೆ ಏನಿರಬೇಕು ಅನ್ನುವುದಕ್ಕೆ ಸುಮಾರು ಅಲೆದೆ. ಮೋಡದ ದಿನ ಆಕಾಶ ಬೆಳ್ಳಗಿರುತ್ತದೆ. ಬಿಳಿ ಎತ್ತು ಅದರೊಳಗೆ ಸೇರಿಹೋಗುತ್ತದೆ. ಬಯಲಲ್ಲಿ ನಿಲ್ಲಿಸಿದರೆ ಗಾಳಿಯಂತ್ರದ ಕಂಬ ಎತ್ತಿನ ತಲೆಯಿಂದಲೇ ಹುಟ್ಟಿಬಂದ ಹಾಗೆ ಕಾಣುತ್ತದೆ. ನಮ್ಮ ಗುಡ್ಡಗಳ ಮೇಲೆ ಆ ಕಂಬಗಳಿಗೇನೂ ಕಡಿಮೆ ಇಲ್ಲ. ಕೊನೆಗೆ ಒಳ್ಳೆಯ ಜಾಗ ಸಿಕ್ಕಿದ್ದು ಕಾಕಾನ ಮನೆಯ ಹಿಂದೆಯೇ. ಹಳೆಯ ಕರಿಕಲ್ಲಿನ ಗೋಡೆ, ಅದರ ಮೇಲೆ ಬೇವಿನ ಮರದ ನೆರಳು. ಎತ್ತು ನೆರಳಿನಿಂದ ಒಂದು ಹೆಜ್ಜೆ ಆಚೆ ಬಂದು ಬೆಳಕಿನಲ್ಲಿ ನಿಂತರೆ ಸಾಕು. ಹಿಂದಿನ ಗೋಡೆ ಕತ್ತಲಾಗುತ್ತದೆ. ಬೆನ್ನಿನ ಗೆರೆ, ಹಿಣಿಲು, ಗಂಗೆದೊಗಲು ಎಲ್ಲ ಕೊರೆದಂತೆ ಎದ್ದು ನಿಲ್ಲುತ್ತವೆ.

1878ರಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬ ಫೋಟೊಗ್ರಾಫರ್ ಓಡುವ ಕುದುರೆಯನ್ನು ತೆಗೆದದ್ದು ನಿಮಗೆ ಗೊತ್ತಿರಬಹುದು. ಸಾಲಾಗಿ 12 ಕ್ಯಾಮೆರಾ ಇಟ್ಟಿದ್ದ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ಇಷ್ಟವಾಗುವುದು ಅವನು ಎದುರಿಗೆ ಕಟ್ಟಿದ ಬಿಳಿ ಹಿನ್ನೆಲೆ. ಕುದುರೆಯ ಕಾಲು ಸ್ಪಷ್ಟವಾಗಿ ಕಾಣಬೇಕಿದ್ದರೆ ಹಿಂದೆ ಬಿಳಿ ಬೇಕೇ ಬೇಕಿತ್ತು. ಕಾಕಾನ ಗೋಡೆ ನನಗೆ ಅದೇ ಕೆಲಸವನ್ನು ಉಲ್ಟಾ ಮಾಡಿಕೊಟ್ಟಿತು.

ಆ ಚಿತ್ರಗಳಿಂದ ಕಲಿಯಬೇಕಾದದ್ದು ಇನ್ನೊಂದಿದೆ, ಕಾಲಿನ ವಿಷಯ. ನಿಂತ ಎತ್ತನ್ನು ಪಕ್ಕದಿಂದ ತೆಗೆದರೆ ಒಂದು ಕಾಲಿನ ಹಿಂದೆ ಇನ್ನೊಂದು ಅಡಗಿ ಎರಡೇ ಕಾಲಿನ ದನ ಆಗಿಬಿಡುತ್ತದೆ. ಬಣ್ಣದಲ್ಲಿ ಹೇಗೋ ನಡೆಯುತ್ತದೆ. ಕಪ್ಪು ಬಿಳುಪಿನಲ್ಲಿ ಬಹಳ ಕೆಟ್ಟದಾಗಿ ಕಾಣುತ್ತದೆ. ಕಾಕಾನಿಗೆ ಎತ್ತನ್ನು ನಿಧಾನ ನಡೆಸಲು ಹೇಳಿದೆ. ಹೆಜ್ಜೆ ಎತ್ತುವಾಗ ನಾಲ್ಕೂ ಕಾಲು ಬೇರೆಬೇರೆಯಾಗಿ ಕಾಣುವ ಒಂದು ಗಳಿಗೆ ಬರುತ್ತದೆ. ಅದಕ್ಕೆ ಕಾದು ಒತ್ತಬೇಕು.

ಕೋನ ಬದಲಿಸಲು ನಾನು ಹಿಂದೆ ಸರಿಯುತ್ತಿದ್ದಂತೆ ಕಾಕಾ ಕೂಗಿದರು: "ತಮ್ಮಾ, ಹಿಂದ ನಿಂದರಬ್ಯಾಡ. ಅದಕ್ಕ ನೀ ಕಾಣೂದಿಲ್ಲ, ಒದೀತೈತಿ." ದನಗಳ ಕಣ್ಣು ತಲೆಯ ಎರಡು ಪಕ್ಕದಲ್ಲಿರುವುದರಿಂದ ಸುತ್ತಲಿನ ಬಹುಭಾಗ ಅವಕ್ಕೆ ಕಾಣುತ್ತದೆ. ನೇರ ಹಿಂದಿನ ಸ್ವಲ್ಪ ಜಾಗ ಮಾತ್ರ ಕಾಣುವುದಿಲ್ಲ. ಅಲ್ಲಿ ಸದ್ದಾದರೆ ಗಾಬರಿ. ಪಕ್ಕದಿಂದ, ಓರೆಯಾಗಿ, ಮಾತಾಡುತ್ತಾ ಹೋಗುವುದೇ ಸರಿ.

ಕಾಕಾನ ಮನೆಯಲ್ಲಿ ಆಗ ತಾನೇ ಹುಟ್ಟಿದ ಕರುವೂ ಇತ್ತು. ಕಿಲಾರಿ ಕರುವಿಗೆ ಹುಟ್ಟುವಾಗ ನೆತ್ತಿಯ ಮೇಲೆ ತುಕ್ಕು ಬಣ್ಣದ ಕೂದಲಿರುತ್ತದೆ, ಒಂದೆರಡು ತಿಂಗಳಲ್ಲಿ ಹೋಗುತ್ತದೆ. ಕಪ್ಪು ಬಿಳುಪಿನಲ್ಲಿ ಅದು ಕೊಳೆ ಮೆತ್ತಿದಂತೆ ಕಂಡಿತು. ಕಂಪ್ಯೂಟರಿನಲ್ಲಿ ಕೆಂಪನ್ನು ತಿಳಿಯಾಗಿಸುವ ಸ್ಲೈಡರ್ ಮೇಲೆತ್ತಿದರೆ ಮಾಯವಾಗುತ್ತದೆ. ನಾನು ಎತ್ತಲಿಲ್ಲ. ಕಿಲಾರಿ ಸಾಕಿದವರಿಗೆ ಅದು ಕೊಳೆಯಲ್ಲ, ಕರು ಇನ್ನೂ ಎಳೆಯದು ಅನ್ನುವ ಗುರುತು. ಬೇರೆಯವರು ಏನಾದರೂ ಅಂದುಕೊಳ್ಳಲಿ.

ಎಮ್ಮೆಯ ಕಥೆ ಉದ್ದ. ಯಾಕೆಂದರೆ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದೇ.

ನಮ್ಮ ಮಾಮಾನ ಮನೆಯಲ್ಲಿರುವುದು ಪಂಢರಪುರಿ ಎಮ್ಮೆ. ಉದ್ದ ಕಿರಿದಾದ ಮುಖ, ಭುಜ ದಾಟಿ ಹಿಂದಕ್ಕೆ ಹೋಗುವ ಕತ್ತಿಯಂಥ ಕೊಂಬು. ಇದರ ಅಂದವೆಲ್ಲ ಆ ಕೊಂಬಿನಲ್ಲಿದೆ. ಫೋಟೊದಲ್ಲಿ ಮೊದಲು ಕಳೆದುಹೋಗುವುದೂ ಅದೇ. ಎಮ್ಮೆ ತಲೆ ಎತ್ತಿ ಮೆಲುಕು ಹಾಕುವಾಗ ಕೊಂಬು ಬೆನ್ನಿನ ಮೇಲೆ ಒರಗುತ್ತದೆ. ಕರಿ ಮೈಮೇಲೆ ಕರಿ ಕೊಂಬು, ಏನೂ ಕಾಣುವುದಿಲ್ಲ. ಅದೇ ಎಮ್ಮೆ ನೆಲದ ಮೇವಿಗೆ ತಲೆ ಇಳಿಸಿದಾಗ ಎರಡೂ ಕೊಂಬು ಆಕಾಶಕ್ಕೆ ಏಳುತ್ತವೆ. ಹಾಗಾಗಿ ಮೇವು ತಿನ್ನುವ ಹೊತ್ತೇ ಸರಿಯಾದ ಹೊತ್ತು. ಮುಖ ಕಣಿಕೆಯೊಳಗೆ ಮುಳುಗಿರುತ್ತದೆ, ನಿಜ. ಬಾಯಿ ತುಂಬಿಸಿಕೊಂಡು ಅರ್ಧ ತಲೆ ಎತ್ತುವ ಒಂದು ಕ್ಷಣ ಇದೆಯಲ್ಲ, ಆಗ ಮುಖವೂ ಸಿಗುತ್ತದೆ, ಕೊಂಬೂ ಇನ್ನೂ ಮೇಲೇ ಇರುತ್ತದೆ. ನಾನು ನೆಲಕ್ಕೆ ಕೂತು ಕ್ಯಾಮೆರಾವನ್ನು ಮೊಣಕಾಲ ಮಟ್ಟಕ್ಕೆ ಇಳಿಸಿ ಅದಕ್ಕಾಗಿ ಕಾದೆ. ಇಲ್ಲಿ ಮೋಡದ ಬಿಳಿ ಆಕಾಶ ವರವಾಯಿತು. ಎತ್ತಿಗೆ ಶತ್ರುವಾಗಿದ್ದ ಆಕಾಶ ಎಮ್ಮೆಗೆ ನೆಂಟ.

ಒಣಗಿದ ಎಮ್ಮೆಯ ಮೈ ಬೆಳಕನ್ನು ಸುಮ್ನೆ ಹೀರಿಕೊಳ್ಳುತ್ತದೆ. ಮಣ್ಣು ಮೆತ್ತಿದ್ದರೆ ಇನ್ನೂ ಮಂಕು. ಕೆರೆಯಿಂದ ಎದ್ದು ಬಂದಾಗ ನೋಡಬೇಕು. ಒದ್ದೆ ಚರ್ಮದ ಮೇಲೆ ಮೋಡವೇ ಹೊಳೆಯುತ್ತದೆ. ಬೆನ್ನುಮೂಳೆ, ಪಕ್ಕೆಲುಬು, ಹೊಟ್ಟೆಯ ಉಬ್ಬು ಎಲ್ಲಕ್ಕೂ ಒಂದೊಂದು ಬೆಳ್ಳನೆ ಗೆರೆ ಮೂಡುತ್ತದೆ. ಕೆರೆಯಲ್ಲಿ ನೀರಿಲ್ಲದ ದಿನ ಮಾಮಾ ಬೋರಿನ ಪೈಪು ಹಿಡಿದು ಮೈ ತೊಳೆದು, ಮೇಲೆ ಸ್ವಲ್ಪ ಎಣ್ಣೆ ಹಚ್ಚಿದರು. ಅದೂ ಕೆಲಸ ಮಾಡಿತು. ಎಮ್ಮೆಗೂ ಖುಷಿ.

ಸಂಜೆ ಕೊಟ್ಟಿಗೆಯೊಳಗೆ ತೆಗೆಯಲು ಹೊರಟಾಗ ಅತ್ತಿ ನಕ್ಕರು: "ಎಮ್ಮಿ ಕರ್ರಗ, ಕೊಟಗಿ ಕತ್ತಲ. ಏನ ಕಾಣ್ತೈತಿ ನಿನ್ನ ಫೋಟೊದಾಗ?" ಕಾಣುವುದು ಕಡಿಮೆ ಇರಲಿ ಅನ್ನುವುದೇ ನನ್ನ ಆಸೆಯಾಗಿತ್ತು. ಬಾಗಿಲು ಒಂದೇ, ಬೆಳಕು ಒಂದೇ ಕಡೆಯಿಂದ. ಎಮ್ಮೆ ಗ್ವಾದಲಿಯ (ಮೇವಿನ ತೊಟ್ಟಿಯ) ಮುಂದೆ ಅಡ್ಡ ನಿಂತಿತ್ತು. ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200ಕ್ಕೆ ಏರಿಸಿ, ಮೂಗಿನ ಒದ್ದೆ ಹೊಳಪಿಗೆ ಎಕ್ಸ್‌ಪೋಶರ್ ಹೊಂದಿಸಿದೆ. ಚೌಕಟ್ಟಿನ ಬಹುಭಾಗ ಪೂರ್ತಿ ಕಪ್ಪು. ಅದರಲ್ಲಿ ಒಂದು ಕೊಂಬಿನ ಅಂಚು, ಕಿವಿಯ ಕೂದಲು, ಮೂಗು, ಕಣ್ಣೊಳಗೆ ಬಾಗಿಲಿನ ಚೌಕ ಬೆಳಕು. ಕಣ್ಣಲ್ಲಿ ಆ ಬೆಳಕು ಇರಲೇಬೇಕು. ಇಲ್ಲದಿದ್ದರೆ ಕರಿ ದನದ ಮುಖಕ್ಕೆ ಜೀವವೇ ಇರುವುದಿಲ್ಲ. ಎಮ್ಮೆ ಬಾಗಿಲ ಕಡೆ ತಲೆ ತಿರುಗಿಸಿದಾಗ ಮಾತ್ರ ಅದು ಸಿಗುತ್ತದೆ. ನಾಲಿಗೆ ಲೊಚಗುಟ್ಟಿದರೆ ತಿರುಗುತ್ತದೆ, ಕಿವಿಯೂ ಮುಂದಕ್ಕೆ ಬರುತ್ತದೆ. ಕೋಣನ ಮುಂದೆ ಕಿಂದರಿ ಅನ್ನುತ್ತಾರಲ್ಲ, ಮೊದಲ ಎರಡು ಸಲಕ್ಕೆ ಆ ಮಾತು ಸುಳ್ಳು. ಮೂರನೇ ಸಲದಿಂದ ನಿಜ.

ಕುರಿಗಳಿಗೆ ಬೇರೆಯೇ ಲೆಕ್ಕ. ಮಾಡಗ್ಯಾಳ ಕುರಿ ಎತ್ತರದ ಆಳು. ಗಿಳಿಯ ಮೂಗಿನಂತೆ ಉಬ್ಬಿದ ಮೂಗು, ಜೋಲುವ ಕಿವಿ, ತಲೆಗೆ ಕೊಂಬಿಲ್ಲ. ಮೂಗಿನ ಆ ಉಬ್ಬು ಎದುರಿನಿಂದ ಕಾಣುವುದೇ ಇಲ್ಲ. ಪೂರ್ತಿ ಪಕ್ಕದಿಂದಲೇ ತೆಗೆಯಬೇಕು. ಟಗರಿನ ಬೆಲೆ ಹೇಳುವವರೂ ಮೊದಲು ನೋಡುವುದು ಅದನ್ನೇ.

ಕ್ಯಾಮೆರಾ ಹಿಡಿದು ನೇರ ಹಿಂಡಿನ ಕಡೆ ನಡೆದರೆ ಹಿಂಡು ಎರಡಾಗಿ ಒಡೆದು ಓಡುತ್ತದೆ, ಬರೀ ಹಿಂಭಾಗಗಳ ಫೋಟೊ ಸಿಗುತ್ತದೆ. ಕುರಿ ಕಾಯುವ ಅಜ್ಜ ಹೇಳಿದ್ದು ಇಷ್ಟೇ: "ಕುಂದರ ಸುಮ್ಕ. ಅವ ಬರ್ತಾವ." ಕೂತೆ. ಬಂದವು. ಮೊದಲು ಒಂದು ಆಡು, ಅದರ ಹಿಂದೆ ಕುರಿಗಳು. ಲೆನ್ಸಿನ ಮುಚ್ಚಳ ನೆಕ್ಕಿದ್ದು ಒಂದು ಮರಿ. ಕೂತಾಗಿನ ಇನ್ನೊಂದು ಲಾಭವೆಂದರೆ ಕ್ಯಾಮೆರಾ ಕುರಿಯ ಕಣ್ಣಿನ ಮಟ್ಟಕ್ಕೆ ಬರುತ್ತದೆ. ನಿಂತು ತೆಗೆದರೆ ಕುರಿ ನೆಲಕ್ಕೆ ಅಂಟಿಕೊಂಡಂತೆ, ಹಿಂದೆಲ್ಲ ಹುಲ್ಲು ಮಣ್ಣು. ಕೂತು ತೆಗೆದರೆ ಹಿಂದೆ ದೂರದ ಬಯಲು, ಆಕಾಶ. ದಿಗಂತದ ಗೆರೆ ಮಾತ್ರ ಕುತ್ತಿಗೆಯನ್ನು ಕತ್ತರಿಸಬಾರದು. ಒಂದೋ ಬೆನ್ನಿಗಿಂತ ಕೆಳಗಿರಲಿ, ಇಲ್ಲವೇ ತಲೆಗಿಂತ ಮೇಲಿರಲಿ.

ಇಡೀ ಹಿಂಡನ್ನು ತೆಗೆಯಲು ಒಡ್ಡಿನ ಮೇಲೆ ಹತ್ತಿದೆ. ಮೇಲಿನಿಂದ ನೋಡಿದರೆ ಬೆನ್ನುಗಳೇ ಬೆನ್ನುಗಳು, ಬಿಳಿ ಕಂದು ಬಿಳಿ ಕಂದು. ಚೆಂದವೇನೋ ಹೌದು, ಆದರೆ ಕಣ್ಣು ಎಲ್ಲೂ ನಿಲ್ಲುವುದಿಲ್ಲ. ಎಲ್ಲವೂ ಮುಂದಕ್ಕೆ ಹೋಗುವಾಗ ಒಂದು ಕುರಿ ತಲೆ ತಿರುಗಿಸಿ ನನ್ನ ಕಡೆ ನೋಡಿದ ಚಿತ್ರ ಮಾತ್ರ ಉಳಿಯಿತು, ಮಿಕ್ಕಿದ್ದನ್ನು ಅಳಿಸಿದೆ. ಸಂಜೆ ಹಿಂಡು ದಡ್ಡಿಗೆ ತಿರುಗುವಾಗಿನ ಧೂಳು ದೊಡ್ಡ ಸಹಾಯ. ಧೂಳಿನಿಂದಾಗಿ ದೂರದ ಕುರಿ ಹತ್ತಿರದ್ದಕ್ಕಿಂತ ಮಸುಕಾಗುತ್ತದೆ. ಹತ್ತಿರದ್ದು ಗಾಢ, ಅದರಾಚೆಯದು ಬೂದು, ಇನ್ನೂ ಆಚೆಯದು ತಿಳಿ. ಬಣ್ಣವಿಲ್ಲದೆ ಆಳ ತೋರಿಸಲು ಇದಕ್ಕಿಂತ ಸುಲಭ ದಾರಿ ನನಗೆ ಗೊತ್ತಿಲ್ಲ. ಸೂರ್ಯ ಎದುರಿಗಿದ್ದರೆ ಪ್ರತಿ ಕಿವಿಗೂ ಪ್ರತಿ ಬೆನ್ನಿಗೂ ಬೆಳ್ಳನೆ ಅಂಚು ಬರುತ್ತದೆ. ಲೆನ್ಸಿಗೆ ಟೋಪಿ ಅಡ್ಡ ಹಿಡಿಯುವುದನ್ನು ಮರೆಯಬೇಡಿ.

ಕೋಳಿಗಳನ್ನು ಸುಮಾರು ತೆಗೆದೆ. ಒಂದೂ ಸರಿ ಬರಲಿಲ್ಲ. ಹುಂಜದ ಅರ್ಧ ಸೊಗಸು ಬಣ್ಣದಲ್ಲೇ ಇದೆ. ಅದನ್ನು ಬಿಟ್ಟುಬಿಟ್ಟೆ.

ಮನೆಗೆ ಬಂದು ಕಂಪ್ಯೂಟರಿನ ಮುಂದೆ ಕೂತಾಗ ರಾ ಫೈಲಿನ ಬಣ್ಣ ಕೆಲಸಕ್ಕೆ ಬಂತು. ಹಿಂದೆ ಫಿಲ್ಮಿನವರು ಲೆನ್ಸಿನ ಮುಂದೆ ಬಣ್ಣದ ಫಿಲ್ಟರ್ ಹಾಕುತ್ತಿದ್ದರು. ಕೆಂಪು ಫಿಲ್ಟರ್ ಹಾಕಿದರೆ ನೀಲಿ ಆಕಾಶ ಕಪ್ಪಾಗಿ ಬಿಳಿ ಮೋಡ ಎದ್ದು ಕಾಣುತ್ತದೆ. ಹಸಿರು ಫಿಲ್ಟರ್ ಹಾಕಿದರೆ ಎಲೆ ತಿಳಿಯಾಗುತ್ತದೆ. ಈಗ ಅದೇ ಕೆಲಸವನ್ನು ಒಂದೊಂದು ಬಣ್ಣದ ಸ್ಲೈಡರ್ ಮಾಡುತ್ತದೆ. ಕುರಿಯ ಕಂದು ಮಚ್ಚೆ ಅಂದರೆ ಮೂಲದಲ್ಲಿ ಗಾಢ ಕಿತ್ತಳೆ. ಕಿತ್ತಳೆ ಇಳಿಸಿದರೆ ಮಚ್ಚೆ ಕಪ್ಪಾಗಿ ಎದ್ದು ಕಾಣುತ್ತದೆ. ಹಸಿರು, ಹಳದಿ ಎರಡನ್ನೂ ಏರಿಸಿದರೆ ಹುಲ್ಲು ತಿಳಿಯಾಗುತ್ತದೆ. ಬದುವಿನಲ್ಲಿ ಕರಗಿಹೋಗಿದ್ದ ಕುರಿ ಮತ್ತೆ ಹೊರಬಂತು.

ಆದರೆ ಕಿತ್ತಳೆ ಇಳಿಸಿದಾಗ ಮಣ್ಣೂ ಇಳಿಯುತ್ತದೆ, ಮನುಷ್ಯರ ಚರ್ಮವೂ ಇಳಿಯುತ್ತದೆ. ಮೊಬೈಲಿನಲ್ಲಿ ತೋರಿಸಿದಾಗ ಅಜ್ಜ ಹುಬ್ಬು ಗಂಟಿಕ್ಕಿದರು: "ನನ್ನ ಯಾಕ ಇಷ್ಟ ಕರ್ರಗ ಮಾಡೀಯೋ?" ಕೇಳಿದ್ದು ನ್ಯಾಯವೇ. ಅಜ್ಜನ ಮುಖಕ್ಕೆ ಬೇರೆ ಮಾಸ್ಕ್ ಹಾಕಿ, ಅಂದರೆ ಆ ಭಾಗವನ್ನಷ್ಟೇ ಆಯ್ದು, ಮೊದಲಿದ್ದಂತೆ ಮಾಡಿದೆ. ಸ್ಲೈಡರ್ ವಿಷಯದಲ್ಲಿ ನನ್ನ ಅಭಿಪ್ರಾಯ ಇಷ್ಟು: ಅದು ಸ್ವಲ್ಪ ದೂರ ಮಾತ್ರ ಕೈ ಹಿಡಿಯುತ್ತದೆ. ಜಾಸ್ತಿ ಎಳೆದರೆ ಬಣ್ಣ ಬದಲಾಗುವ ಅಂಚಿನಲ್ಲಿ ಕಾಳು ಕಾಳು ಬರುತ್ತದೆ, ಆಕಾಶ ಹರಿದಂತೆ ಕಾಣುತ್ತದೆ. ನಿಂತ ಜಾಗ ತಪ್ಪಿದ್ದರೆ ಯಾವ ಸ್ಲೈಡರೂ ಅದನ್ನು ಸರಿಮಾಡುವುದಿಲ್ಲ.

ಪ್ರಿಂಟ್ ಮಾಡಿಸಿದ್ದು ಇನ್ನೊಂದು ಗೋಳು. ಮದುವೆ ಆಲ್ಬಮ್ ಮಾಡಿಸುವ ಲ್ಯಾಬಿಗೇ ಮೊದಲು ಕಳಿಸಿದೆ. ಬಣ್ಣದ ಫೋಟೊಗೆ ಇರುವ ಕಾಗದದ ಮೇಲೆ ಕಪ್ಪು ಬಿಳುಪು ಹಾಕಿದರೆ ಆಗುವುದೇ ಆಯಿತು. ಎತ್ತು ತಿಳಿ ಹಸಿರು, ಎಮ್ಮೆಯ ನೆರಳು ನೇರಳೆ. ಅಲ್ಲಿ ಕೇಳಿದರೆ "ಬ್ಲ್ಯಾಕ್ ಆ್ಯಂಡ್ ವೈಟ್ ಯಾರ್ರೀ ಈಗ ಮಾಡಸ್ತಾರ" ಅಂದರು. ಆಮೇಲೆ ದೊಡ್ಡ ಊರಿನಲ್ಲಿ ಬೂದು ಇಂಕುಗಳನ್ನೇ ಬೇರೆಬೇರೆ ಇಟ್ಟಿರುವ ಇಂಕ್‌ಜೆಟ್ ಪ್ರಿಂಟರಿನಲ್ಲಿ 12ಕ್ಕೆ 18 ಇಂಚಿನಲ್ಲಿ ತೆಗೆಸಿದೆ. ದುಡ್ಡು ಜಾಸ್ತಿ, ಆದರೆ ಬೂದು ಅಂದರೆ ಬೂದೇ. ಕಾಗದ ಒಂದೇ ಇಟ್ಟುಕೊಳ್ಳಲಿಲ್ಲ. ಮ್ಯಾಟ್ ಕಾಗದದಲ್ಲಿ ಕುರಿಯ ಮೈ, ಧೂಳು ಎಲ್ಲ ಮೆತ್ತಗೆ ಚೆನ್ನಾಗಿ ಬರುತ್ತದೆ. ಗಾಢ ಕಪ್ಪು ಮಾತ್ರ ಅದರಲ್ಲಿ ಇಳಿಯುವುದಿಲ್ಲ. ಕೊಟ್ಟಿಗೆಯ ಎಮ್ಮೆ ಮ್ಯಾಟ್ ಮೇಲೆ ಬೂದಿ ಬಳಿದಂತಾಯಿತು. ಅದನ್ನು ಸ್ವಲ್ಪ ಹೊಳಪಿನ ಕಾಗದಕ್ಕೆ ಬದಲಿಸಿದೆ.

ಆ ಎಮ್ಮೆ ಈಗ ಮಾಮಾನ ಪಡಸಾಲೆಯಲ್ಲಿದೆ. ಅತ್ತಿ ಬಂದವರಿಗೆಲ್ಲ ಕೊಂಬು ಎಲ್ಲಿದೆ ಅಂತ ಬೆರಳಿಟ್ಟು ತೋರಿಸುತ್ತಾರೆ. ಅಜ್ಜನಿಗೆ ಟಗರಿನ ಪ್ರಿಂಟ್ ಕೊಟ್ಟಾಗ ಮೂಗು ಮೆಚ್ಚಿದರು, ಆಮೇಲೆ ಕೇಳಿದರು: "ನಮ್ಮ ಟಗರಿನ ಕೆಂಪ ಮಾರಿ ಎಲ್ಲಿ ಹೋತೋ ತಮ್ಮಾ?" ಟಗರು ಮಾರುವಾಗ ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಅದೇ ಫೈಲಿನಿಂದ ಬಣ್ಣದ ಪ್ರಿಂಟನ್ನೂ ತೆಗೆಸಿಕೊಟ್ಟೆ.

ಆಡುಗಳು ಬಾಕಿ ಇವೆ. ಕರಿ ಆಡು, ಜಾಲಿ ಗಿಡದ ಚುಕ್ಕೆ ಚುಕ್ಕೆ ನೆರಳು, ಮೇಲೆ ಒಂದು ಗಳಿಗೆಯೂ ನಿಲ್ಲದ ಕಾಲು. ಹಿನ್ನೆಲೆ ಹೊಂದಿಸುವುದು ಕುರಿಗಿಂತ ಕಷ್ಟ. ಅವು ಒಡ್ಡಿನ ತುದಿಗೆ ಏರಿ ಗಿಡಕ್ಕೆ ಮುಂಗಾಲು ಕೊಟ್ಟು ನಿಂತಾಗ ಕೆಳಗಿನಿಂದ ಆಕಾಶಕ್ಕೆ ಎದುರಾಗಿ ತೆಗೆದರೆ ಆದೀತು ಅನ್ನಿಸುತ್ತದೆ. ದೀಪಾವಳಿ ಮುಗಿದರೆ ಮತ್ತೆ ಮದುವೆ ಸೀಸನ್. ಅಷ್ಟರೊಳಗೆ ಮುಗಿಸಬೇಕು.